ಖಾಲಿ ಗೋದಲಿಗೊಂದು ಮಗು

ಯೇಸು ಹುಟ್ಟಿದ ದೃಶ್ಯವನ್ನು ಗೊಂಬೆಗಳಲ್ಲಿ ತೋರಿಸುವ ಕೈಕೆತ್ತನೆಯ ಮರದ ಗೋದಲಿಗಳನ್ನು ಕೂಡಿಡುತ್ತಾ ಬಂದ ನನಗೆ ಒಮ್ಮೆ ಮಗುವೇ ಇಲ್ಲದ ಒಂದು ಹಳೆಯ ಗೋದಲಿ ಸಿಕ್ಕಿತು. ಮರಿಯಮ್ಮ ಇದ್ದಳು, ಜೋಸೆಫ್ ಇದ್ದ, ಮಂಡಿಯೂರಿದ ಇಬ್ಬರು ಕುರುಬರಿದ್ದರು. ಎಲ್ಲರ ಕಣ್ಣೂ ನೆಟ್ಟಿದ್ದ ಜಾಗದಲ್ಲಿ ಮಾತ್ರ ಏನೂ ಇರಲಿಲ್ಲ. ಅದನ್ನು ನೋಡಿ ಸುಮ್ಮನಿರಲಾಗಲಿಲ್ಲ. ಆ ಮಗುವನ್ನು ನಾನೇ ಕೆತ್ತಿ ಮಲಗಿಸುತ್ತೇನೆ ಎಂದು ಹರಕೆ ಹೊತ್ತೆ. ಅಲ್ಲಿಯವರೆಗೆ ಉಳಿ ಹಿಡಿದವನಲ್ಲ.

ಕ್ರಿಸ್ಮಸ್ಸಿಗೆ ಸಿದ್ಧರಾಗುವ ಆಗಮನ ಕಾಲದ ಮೊದಲ ಭಾನುವಾರ ಕೂತೆ. ಲಿಂಡೆನ್ ಮರದ ತುಂಡು ತಂದಿದ್ದೆ. ಮೆದು ಮರ, ಎಳೆಯೂ ಒಂದೇ ಸಮ. ಯುರೋಪಿನ ಕೆತ್ತನೆಗಾರರು ಶತಮಾನಗಳಿಂದ ಸಂತರ ಮುಖಗಳನ್ನು ಅದರಲ್ಲೇ ಕಂಡಿದ್ದಾರೆ. ಮೊದಲ ಮಗು ಮುಗಿದಾಗ ಗೋದಲಿಯಲ್ಲಿ ಒಬ್ಬ ಕುಳ್ಳ ಮುದುಕ ಮಲಗಿದ್ದ. ತಪ್ಪು ತಿಳಿಯಲು ವಾರ ಹಿಡಿಯಿತು. ದೊಡ್ಡವರ ತಲೆ ಎತ್ತರದ ಏಳೆಂಟರಲ್ಲಿ ಒಂದು ಪಾಲು. ಹಸುಗೂಸಿನ ತಲೆ ಮೈಯ ಕಾಲು ಭಾಗ. ಹಣೆ ದೊಡ್ಡದು, ಕಣ್ಣು ಮುಖದ ನಡುವಿಗಿಂತ ಕೆಳಗೆ, ಕುತ್ತಿಗೆ ಇಲ್ಲವೇ ಇಲ್ಲ ಎನ್ನುವಷ್ಟು ಗಿಡ್ಡ.

ಎರಡನೆಯ ಮಗುವಿನ ಮುಖ ಒಲಿಯಿತು. ಆದರೆ ನಾನು ಕಂಡ ಎಷ್ಟೋ ಗೋದಲಿಗಳಲ್ಲಿರುವಂತೆ ಎರಡೂ ಕೈ ಚಾಚಿರಬೇಕೆಂಬ ಆಸೆ ನನಗೆ. ಮೈಯುದ್ದಕ್ಕೆ ಹರಿಯುವ ಎಳೆ ಅಡ್ಡ ಚಾಚಿದ ತೋಳಿನಲ್ಲಿ ತುಂಡು ತುಂಡಾಗುತ್ತದೆ, ಅಲ್ಲಿ ಬಲವಿರುವುದಿಲ್ಲ. ಉಪ್ಪು ಕಾಗದ ಉಜ್ಜುವಾಗ ಬಲಗೈ ಮುರಿದು ಮಡಿಲಿಗೆ ಬಿತ್ತು. ಆ ರಾತ್ರಿ ಮತ್ತೆ ಕೆಲಸ ಮಾಡಲು ಮನಸ್ಸಾಗಲಿಲ್ಲ. ಬೈಬಲಿನಲ್ಲಿ ಲೂಕನ ಶುಭಸಂದೇಶ ತೆರೆದು, ಬಾಯಿಪಾಠವಾಗಿದ್ದ ಎರಡನೆಯ ಅಧ್ಯಾಯವನ್ನೇ ಓದಿದೆ. ಮರಿಯಮ್ಮ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದಳು. ದೇವದೂತನೂ ಕುರುಬರಿಗೆ ಅದನ್ನೇ ಗುರುತಾಗಿ ಹೇಳುತ್ತಾನೆ: ಬಟ್ಟೆ ಸುತ್ತಿ ಗೋದಲಿಯಲ್ಲಿ ಮಲಗಿಸಿರುವ ಕೂಸು.

ಸುತ್ತಿದ ಕೂಸು! ಅದಕ್ಕೆ ಕೈ ಚಾಚಲು ಎಲ್ಲಿ ಬರುತ್ತದೆ? ಇಷ್ಟು ವರ್ಷ ಕೇಳಿದ್ದೆ, ಕೈ ಮುರಿಯುವ ತನಕ ಕಿವಿಗೆ ಬಿದ್ದಿರಲಿಲ್ಲ. ಲೋಕವನ್ನು ಹೊತ್ತವನು ಎರಡೂ ಕೈ ಕಟ್ಟಿಸಿಕೊಂಡು ತಾಯಿಯ ಮುಂದೆ ಮಲಗಿದ್ದಾನೆ. ಎತ್ತಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಪ್ರಾರ್ಥನೆಯಲ್ಲಿ ನಾನು ಯಾವಾಗಲೂ ಚಾಚಿದ ಕೈಗಾಗಿ ಕಾದವನು. ಅವನನ್ನು ಎತ್ತಿಕೊಳ್ಳಬೇಕಾದವನು ನಾನೂ ಇರಬಹುದೆಂದು ಅಂದು ಮೊದಲು ಅನಿಸಿತು, ಅತ್ತುಬಿಟ್ಟೆ.

1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಏರ್ಪಡಿಸಿದ ಗೋದಲಿಯೂ ಆಗ ನೆನಪಾಯಿತು. ಅವರ ಚರಿತ್ರೆ ಬರೆದ ಚೆಲಾನೊದ ಥಾಮಸರು ಹೇಳುವುದು ಹುಲ್ಲು, ಎತ್ತು, ಕತ್ತೆ, ಅಷ್ಟನ್ನೇ. ಕೆತ್ತಿದ ಗೊಂಬೆಯ ಮಾತೇ ಇಲ್ಲ. (ಎತ್ತು, ಕತ್ತೆ ಲೂಕನಲ್ಲಿ ಬರುವುದಿಲ್ಲ, ಒಡೆಯನ ಗೋದಲಿಯನ್ನು ಕತ್ತೆಯೂ ಬಲ್ಲದು ಎಂಬ ಪ್ರವಾದಿ ಯೆಶಾಯನ ಮಾತಿನಿಂದ ಭಕ್ತರು ಅವನ್ನು ಕರೆತಂದರು.) ಅಂದು ಒಬ್ಬ ಸಜ್ಜನನಿಗೆ ಮಾತ್ರ ಗೋದಲಿಯಲ್ಲಿ ಜೀವವಿಲ್ಲದಂತೆ ಮಲಗಿದ ಮಗು ಕಾಣಿಸಿತಂತೆ, ಫ್ರಾನ್ಸಿಸರು ಹತ್ತಿರ ಹೋದಾಗ ಅದು ನಿದ್ದೆ ತಿಳಿದು ಎದ್ದಿತಂತೆ.

ಮೂರನೆಯ ಮಗುವನ್ನು ಸುತ್ತಿದ ಕೂಸಾಗಿಯೇ ಕೆತ್ತಿದೆ. ಎಳೆ ತಲೆಯಿಂದ ಕಾಲಿನವರೆಗೆ ಒಂದೇ ಹರಿವು, ಉಳಿ ಎಲ್ಲೂ ತಡೆಯಲಿಲ್ಲ. ಬಟ್ಟೆಯ ಮಡಿಕೆಗಳಿಗೆ ಉಪ್ಪು ಕಾಗದ ತಾಗಿಸಲಿಲ್ಲ, ಉಳಿಯ ಗುರುತು ಹಾಗೇ ಇರಲಿ ಎಂದು. ಬಣ್ಣವನ್ನೂ ಬಳಿಯಲಿಲ್ಲ.

ಮೂರು ಮಕ್ಕಳಿಂದ ಉದುರಿದ ಚಕ್ಕೆಯನ್ನೆಲ್ಲ ಕೂಡಿಟ್ಟಿದ್ದೆ. ಡಿಸೆಂಬರ್ 24ರ ರಾತ್ರಿ ಅದನ್ನು ಹುಲ್ಲಿನ ಹಾಗೆ ಗೋದಲಿಗೆ ಹಾಸಿದೆ. ಮಗುವನ್ನು ಕಾಣಲು ಮೂಡಣದಿಂದ ಬರುವ ಜ್ಞಾನಿಗಳ ಗೊಂಬೆಗಳನ್ನು ದೂರದಲ್ಲಿ ನಿಲ್ಲಿಸಿದೆ, ಅವರು ತಮ್ಮ ಹಬ್ಬವಾದ ಜನವರಿ 6ರ ಹೊತ್ತಿಗೆ ಬಂದರೆ ಸಾಕು. ಆಮೇಲೆ ಕೂಸನ್ನು ಎರಡೂ ಕೈಯಲ್ಲಿ ಎತ್ತಿಕೊಂಡೆ. ಅಂಗೈಯ ಬಿಸಿಗೆ ಮರ ಬೆಚ್ಚಗಾಗುವವರೆಗೆ ಹಾಗೇ ಹಿಡಿದುಕೊಂಡಿದ್ದು, ಮರಿಯಮ್ಮನ ಕಣ್ಣು ನೆಟ್ಟಿದ್ದ ಜಾಗದಲ್ಲಿ ಮಲಗಿಸಿದೆ.