ಹಿತ್ತಲಿನ ಹಣ್ಣಿನ ಗಿಡ: ಮೂರನೇ ಮಳೆಗಾಲದ ಲೆಕ್ಕ

ಜಾಗ ಸಾಗರ ತಾಲ್ಲೂಕಿನ ಆನಂದಪುರದ ಕಡೆ. ಮನೆಯ ಹಿಂದೆ 6 ಗುಂಟೆ, ಪಶ್ಚಿಮಕ್ಕೆ ಇಳಿಜಾರು, ಕೆಳಗೆ ಅಡಿಕೆ ತೋಟ. ಮೇಲೆ ಒಂದೂವರೆ ಅಡಿ ಕೆಂಪು ಮಣ್ಣು, ಅದರಡಿ ಜಂಬಿಟ್ಟಿಗೆ. ಎರಡು ವರ್ಷದ ಹಿಂದಿನ ಜೂನ್‌ನಲ್ಲಿ 11 ಕಸಿ ಗಿಡ ನೆಟ್ಟದ್ದು: ಮಲ್ಲಿಕಾ 2, ಆಪೂಸ್ 1, ಜೀರಿಗೆ ಅಪ್ಪೆಮಿಡಿ 2, ಮತ್ತೆ ಬಕ್ಕೆ ಹಲಸು, ಸಪೋಟ, ಚಕ್ಕೋತ, ಪೇರಲೆ, ಮುರುಗಲು (ಪುನರ್ಪುಳಿ), ಬಟರ್‌ಫ್ರೂಟ್ ಒಂದೊಂದು. ನಿಂತಿರುವುದು 9. ಸತ್ತ ಎರಡು ಗಿಡವೂ ಬೇಸಿಗೆಯಲ್ಲಿ ಒಣಗಿ ಹೋದದ್ದಲ್ಲ, ಜುಲೈಯಲ್ಲಿ ನೀರು ಬಸಿಯದೆ ಹೋದದ್ದು.

ರೋಹಿಣಿ ಮಳೆ, ಮೇ ಕೊನೆ

ಸತ್ತದ್ದು ಬಟರ್‌ಫ್ರೂಟ್ ಮತ್ತು ಒಂದು ಮಲ್ಲಿಕಾ. ಎರಡಕ್ಕೂ ಪುಸ್ತಕದ ಲೆಕ್ಕದಂತೆ 3 ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದಿತ್ತು. ಮೇಲಿನ ಅರ್ಧ ಮಣ್ಣು, ಕೆಳಗಿನ ಅರ್ಧ ಪಿಕಾಸಿಯಲ್ಲಿ ಜಂಬಿಟ್ಟಿಗೆ ಕಡಿದದ್ದು. ಬಯಲುಸೀಮೆಗೆ ಅಂಥ ಗುಂಡಿ ಸರಿ, ಇಲ್ಲಿ ಅದು ಬಾನಿ. ಮಳೆ ಹಿಡಿದರೆ ಸುತ್ತಲಿನ ನೀರೆಲ್ಲ ಗುಂಡಿಯ ಸಡಿಲ ಮಣ್ಣಿಗೇ ಇಳಿದು ತಳದಲ್ಲಿ ನಿಲ್ಲುತ್ತದೆ. ಬಟರ್‌ಫ್ರೂಟಿನ ಎಲೆ ಮೊದಲು ಮಂಕಾಗಿ ಜೋತುಬಿತ್ತು, ಥೇಟ್ ನೀರಿಲ್ಲದ ಗಿಡದ ಹಾಗೆ. ಅದನ್ನು ಕಂಡು ನೀರು ಕೊಟ್ಟರೆ ಒಂದು ವಾರ ಮುಂಚೆ ಸಾಯುತ್ತದೆ, ಅಷ್ಟೇ. ಕಿತ್ತು ನೋಡಿದಾಗ ಸಣ್ಣ ಬೇರೆಲ್ಲ ಕಪ್ಪು. ಬೆರಳಲ್ಲಿ ಹಿಡಿದು ಎಳೆದರೆ ಸಿಪ್ಪೆ ಜಾರಿ, ದಾರದಂಥ ನಡುವಷ್ಟೇ ಉಳಿಯುತ್ತಿತ್ತು. ಅಡಿಕೆಗೆ ಕೊಳೆ ತರುವ ಶಿಲೀಂಧ್ರದ ದಾಯಾದಿಯ ಕೆಲಸ ಅದು.

ಎಲ್ಲ ಜಂಬಿಟ್ಟಿಗೆಯೂ ನೀರು ಹಿಡಿಯುವುದಿಲ್ಲ, ಕೆಲವು ಕಡೆ ಸೋಸಿ ಹೋಗುತ್ತದೆ. ಹಾಗಾಗಿ ಹೊಸ ಜಾಗಕ್ಕೆ ಮೊದಲು ಪರೀಕ್ಷೆ: ಒಂದೂವರೆ ಅಡಿ ಆಳದ ಕುಳಿ ತೋಡಿ, ನೀರು ತುಂಬಿ, ಇಂಗಿದ ಮೇಲೆ ಎರಡನೇ ಸಲ ತುಂಬುವುದು. ಲೆಕ್ಕಕ್ಕೆ ಬರುವುದು ಎರಡನೆಯದು, ಏಕೆಂದರೆ ಮೊದಲ ನೀರನ್ನು ಒಣಮಣ್ಣು ಕುಡಿದುಬಿಡುತ್ತದೆ. ಸಂಜೆ ತುಂಬಿದ ನೀರು ಬೆಳಿಗ್ಗೆಯೂ ಇದ್ದರೆ ಅಲ್ಲಿ ಗುಂಡಿ ಬೇಡ, ದಿಬ್ಬ ಬೇಕು. ನೋಡಿದ ನಾಲ್ಕು ಕುಳಿಗಳಲ್ಲಿ ಮೂರರಲ್ಲಿ ಬೆಳಿಗ್ಗೆಯೂ ನೀರಿತ್ತು.

ದಿಬ್ಬ ಹೀಗೆ: ಬುಡದಲ್ಲಿ 6 ಅಡಿ ಅಗಲ, ಎತ್ತರ ಒಂದೂವರೆ ಅಡಿ. ಮೇಲ್ಮಣ್ಣು 3 ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 1 ಪಾಲು, ನುರುಜುಗಲ್ಲು 1 ಪಾಲು. ಕೆಳಬದಿಗೆ ಮಾತ್ರ ಜಂಬಿಟ್ಟಿಗೆ ಒರಗಿಸಿದ್ದು. ಸುತ್ತಲೂ ಕಟ್ಟಿದರೆ ಮತ್ತೆ ಬಾನಿಯೇ ಆಗುತ್ತದೆ. ಮೇಲ್ಬದಿಗೆ ಒಂದಡಿ ಆಳದ ಬಸಿಗಾಲುವೆ, ಬರುವ ನೀರನ್ನು ಪಕ್ಕಕ್ಕೆ ತಿರುಗಿಸಲಿಕ್ಕೆ. ಮೊದಲ ಎರಡು ಮಳೆಗೆ ದಿಬ್ಬ ನಾಲ್ಕು ಬೆರಳು ಕುಸಿಯುತ್ತದೆ, ಆದ್ದರಿಂದ ಗಿಡ ಅಷ್ಟು ಎತ್ತರದಲ್ಲೇ ಕೂರಬೇಕು. ಕಸಿ ಗಂಟು ಮಣ್ಣಿನಿಂದ ಅರ್ಧ ಅಡಿ ಮೇಲೆ.

ಒಂದು ದಿಬ್ಬಕ್ಕೆ ಬಟರ್‌ಫ್ರೂಟ್. ಇನ್ನೊಂದಕ್ಕೆ ಮಲ್ಲಿಕಾ ಬದಲು ಅಪ್ಪೆಮಿಡಿಯೇ. ಮಲ್ಲಿಕಾ, ಅಂದರೆ ನೀಲಂ ಮತ್ತು ದಶಹರಿಯ ಸಂಕರ, ರುಚಿಯಲ್ಲಿ ಕಡಿಮೆಯದಲ್ಲ, ವರ್ಷಾವರ್ಷ ಕಾಯುತ್ತದೆ. ಆದರೆ ತಡದ ಜಾತಿ. ಹಣ್ಣು ಬಲಿಯುವ ಹೊತ್ತಿಗೆ ಇಲ್ಲಿ ಮಳೆ ಕೂತಿರುತ್ತದೆ, ಹಣ್ಣುನೊಣವೂ ಚಿಬ್ಬುರೋಗವೂ ಒಟ್ಟಿಗೆ ಬರುತ್ತವೆ. ಮಿಡಿಗೆ ಆ ತಾಪತ್ರಯ ಇಲ್ಲ, ಮಳೆಗೆ ಮುಂಚೆ ಭರಣಿ ಸೇರುತ್ತದೆ. ಮಲೆನಾಡಿನ ಹಿತ್ತಲಿಗೆ ಹೇಳಿಸಿದ ಮಾವು ಅದೇ.

ಮೃಗಶಿರ

ಇಲ್ಲಿನ ಮಣ್ಣು ಹುಳಿ. ಮೇ ಮೊದಲ ವಾರದ ಅಡ್ಡಮಳೆಗೇ ಗಿಡಕ್ಕೆ ಅರ್ಧ ಕೆಜಿ ಕೃಷಿ ಸುಣ್ಣ ಕೊಟ್ಟಾಗಿತ್ತು. ಸುಣ್ಣಕ್ಕೂ ಗೊಬ್ಬರಕ್ಕೂ ನಡುವೆ ಮೂರು ವಾರವಾದರೂ ಇರಬೇಕು, ಒಟ್ಟಿಗೆ ಹಾಕಿದರೆ ಯೂರಿಯಾದ ಸಾರ ಗಾಳಿಗೆ ಹೋಗುತ್ತದೆ. ಈಗ ಗಿಡವೊಂದಕ್ಕೆ ಕೊಟ್ಟಿಗೆ ಗೊಬ್ಬರ 15 ಕೆಜಿ, ಬೇವಿನ ಹಿಂಡಿ 1 ಕೆಜಿ, ರಾಕ್ ಫಾಸ್ಫೇಟ್ 250 ಗ್ರಾಂ, ಯೂರಿಯಾ ಮತ್ತು ಪೊಟ್ಯಾಷ್ ತಲಾ 75 ಗ್ರಾಂ. ಹುಳಿಮಣ್ಣಿನಲ್ಲಿ ರಾಕ್ ಫಾಸ್ಫೇಟ್ ತಾನೇ ಕರಗುತ್ತದೆ, ಸೂಪರ್ ಫಾಸ್ಫೇಟಿಗೆ ದುಡ್ಡು ಸುರಿಯಬೇಕಿಲ್ಲ. ಬುಡಕ್ಕಲ್ಲ, ರೆಂಬೆಯ ತುದಿಯ ನೆರಳು ಬೀಳುವಲ್ಲಿ ಸುತ್ತ ಹಾಕಿ ಮಣ್ಣು ಮುಚ್ಚಿದ್ದು. ಉಳಿದ ತಲಾ 75 ಗ್ರಾಂ ಹಸ್ತ ಮಳೆಗೆ. ಜುಲೈಯಲ್ಲಿ ಹಾಕಿದ್ದೆಲ್ಲ ಕೆಳಗಿನ ತೋಟದ ಪಾಲು.

ದರಕಿನ (ಒಣ ಎಲೆಯ) ಮುಚ್ಚಿಗೆಯನ್ನು ಕಾಂಡದಿಂದ ಒಂದು ಗೇಣು ಹಿಂದಕ್ಕೆ ಎಳೆದಾಯಿತು. ಬೇಸಿಗೆಯಲ್ಲಿ ತಂಪು ಕೊಟ್ಟದ್ದೇ ಮಳೆಗಾಲದಲ್ಲಿ ಬುಡ ಕೊಳೆಸುತ್ತದೆ.

ಆರಿದ್ರಾ: ಕಸಿ

ಈ ವರ್ಷದ ದೊಡ್ಡ ಕೆಲಸ. ಅಪ್ಪೆಮಿಡಿಯ ಗೊರಟು ಹಾಕಿ ಬೆಳೆಸಿದರೆ ತಾಯಿಮರದ ಸೊನೆ, ಪರಿಮಳ ಬರುತ್ತದೆಂಬ ಭರವಸೆ ಇಲ್ಲ. ಕಡ್ಡಿ ತಂದದ್ದು ವರದಾ ದಂಡೆಯ ಒಂದು ಮರದಿಂದ. ಅದರ ಮಿಡಿ ಉಪ್ಪಿನಲ್ಲಿ ವರ್ಷ ಕೂತರೂ ಮೆತ್ತಗಾಗುವುದಿಲ್ಲ. ತಾಯಿಮರ ಆರಿಸಲು ಈ ಪರೀಕ್ಷೆಯೇ ಸಾಕು. ಹಸಿ ಮಿಡಿ ಕಚ್ಚಿ ನೋಡಿ ಒಪ್ಪಿದರೆ ಮೋಸ ಹೋಗಬಹುದು.

ಬೇರುಸಸಿಗೆ ಕಾಟುಮಾವಿನ ಗೊರಟು. ಹಣ್ಣು ತಿಂದ ವಾರದೊಳಗೆ ತೊಳೆದು, ಬಕೆಟ್ ನೀರಿಗೆ ಹಾಕಿ, ತೇಲಿದ್ದನ್ನು ಎಸೆದು, ಮುಳುಗಿದ್ದನ್ನು ಮರಳಿನ ಮಡಿಯಲ್ಲಿ ಬೆನ್ನು ಮೇಲಾಗಿ ಊರಿದ್ದು. ತಿಂಗಳುಗಟ್ಟಲೆ ಇಟ್ಟ ಗೊರಟು ಹುಟ್ಟುವುದಿಲ್ಲ. ಕೆಲವು ಕಾಟುಮಾವಿನಲ್ಲಿ ಒಂದೇ ಗೊರಟಿಗೆ ಎರಡು ಮೂರು ಮೊಳಕೆ ಏಳುತ್ತವೆ, ಗಟ್ಟಿಯಾದ ಒಂದನ್ನು ಬಿಟ್ಟು ಉಳಿದದ್ದನ್ನು ಚಿವುಟಬೇಕು. ಸಸಿ ಎದ್ದು 10ರಿಂದ 15 ದಿನ, ಕಾಂಡ ಇನ್ನೂ ತಾಮ್ರದ ಬಣ್ಣದಲ್ಲಿರುವಾಗಲೇ ಕಸಿಯ ಹೊತ್ತು. ಹಸಿರು ತಿರುಗಿದರೆ ತಡವಾಯಿತು.

ಕಸಿಕಡ್ಡಿ ಮೂರು ನಾಲ್ಕು ತಿಂಗಳು ಬಲಿತದ್ದು, ಸಸಿಯ ಕಾಂಡದಷ್ಟೇ ದಪ್ಪದ್ದು. ಕಡಿಯುವ 8 ದಿನ ಮುಂಚೆ ಮರದಲ್ಲೇ ಎಲೆ ಸವರಿ ತೊಟ್ಟು ಮಾತ್ರ ಉಳಿಸಿದ್ದು. ಮುಟ್ಟಿದರೆ ತೊಟ್ಟು ಉದುರಬೇಕು, ತುದಿಮೊಗ್ಗು ಉಬ್ಬಿರಬೇಕು, ಆದರೆ ಒಡೆದಿರಬಾರದು. ಸಸಿಯನ್ನು ನೆಲದಿಂದ 3 ಅಂಗುಲ ಮೇಲೆ ಅಡ್ಡ ಕತ್ತರಿಸಿ, ನಡುವೆ ಒಂದೂವರೆ ಅಂಗುಲ ಸೀಳಿ, ಕಡ್ಡಿಯ ಬುಡವನ್ನು ಅಷ್ಟೇ ಉದ್ದಕ್ಕೆ ಎರಡೂ ಕಡೆ ಬೆಣೆಯಂತೆ ಹೆರೆದು ಕೂರಿಸುವುದು. ಒಂದೊಂದು ಬದಿಗೆ ಒಂದೇ ಎಳೆತ. ಎರಡನೇ ಸಲ ಹೆರೆದರೆ ಮೈ ಅಂಕುಡೊಂಕಾಗಿ ನಡುವೆ ಗಾಳಿ ಉಳಿಯುತ್ತದೆ. ಬ್ಲೇಡು ಹತ್ತು ಕಸಿಗೆ ಒಂದು. ದಪ್ಪ ಹೊಂದದಿದ್ದರೆ ಒಂದು ಬದಿಯ ಸಿಪ್ಪೆಯಾದರೂ ಸಿಪ್ಪೆಗೆ ಕೂಡಬೇಕು. ಅರ್ಧ ಅಂಗುಲ ಅಗಲದ ಪ್ಲಾಸ್ಟಿಕ್ ಪಟ್ಟಿಯಿಂದ ಕೆಳಗಿನಿಂದ ಮೇಲಕ್ಕೆ ಬಿಗಿಯಾಗಿ ಸುತ್ತಿ, ಮೇಲೆ ಐಸ್‌ಕ್ಯಾಂಡಿ ಕೊಟ್ಟೆಯ (ಪ್ಲಾಸ್ಟಿಕ್ ಚೀಲದ) ಟೋಪಿ. ಕಸಿಯಾದ 20 ಸಸಿಗಳೂ ಕೊಟ್ಟಿಗೆಯ ಸೂರಿನಡಿ, ಹನಿ ಬೀಳದ ಕಡೆ.

ಮುರುಗಲಿಗೂ ಎರಡು ಕಸಿ. ಇದರಲ್ಲಿ ಗಂಡುಮರ, ಹೆಣ್ಣುಮರ ಬೇರೆ ಬೇರೆ. ಬೀಜದ ಸಸಿ ಕಾಯಿಬಿಡುವ ಹೆಣ್ಣೋ ಎಂದು ತಿಳಿಯಲು ಏಳೆಂಟು ವರ್ಷ ಕಾಯಬೇಕು. ಕಡ್ಡಿಯನ್ನು ಹೆಣ್ಣುಮರದ ನೇರ ಏರುವ ಚಿಗುರಿನಿಂದಲೇ ತೆಗೆಯಬೇಕು. ಅಡ್ಡರೆಂಬೆಯದಾದರೆ ಗಿಡವೂ ಜೀವಮಾನವಿಡೀ ಅಡ್ಡಡ್ಡವೇ ಹೋಗುತ್ತದೆ. ಹಿತ್ತಲಿನ ಹಳೆಯ ಮುರುಗಲು ಹೀಗೇ ನೆಲ ಹಿಡಿದು ಹರಡಿದೆ, ಕೋಲು ಕೊಟ್ಟರೂ ಏಳುತ್ತಿಲ್ಲ.

ಪುನರ್ವಸು, ಪುಷ್ಯ

ದಿಬ್ಬದ ಗಿಡಗಳ ಎಲೆ ನೆಟ್ಟಗಿವೆ. ಬಸಿಗಾಲುವೆ ಎರಡು ಸಲ ಕಟ್ಟಿಕೊಂಡಿತು, ದರಕು ತೆಗೆದದ್ದಷ್ಟೇ ಕೆಲಸ. ಎರಡು ದಿನ ಮಳೆ ಹೊಳವಾದಾಗ ಕೊಳೆಯ ಮದ್ದು, 1 ಶೇಕಡಾ ಬೋರ್ಡೋ ದ್ರಾವಣ: 100 ಗ್ರಾಂ ಮೈಲುತುತ್ತ 5 ಲೀಟರಿನಲ್ಲಿ, 100 ಗ್ರಾಂ ಸುಣ್ಣ ಇನ್ನೊಂದು 5 ಲೀಟರಿನಲ್ಲಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುವುದು. ಪ್ಲಾಸ್ಟಿಕ್ ಬಕೆಟ್ಟೇ ಆಗಬೇಕು. ಕತ್ತಿಯ ಬಾಯಿ ಅದ್ದಿ ನೋಡಿದಾಗ ಕೆಂಪು ಕೂತಿತು, ತುತ್ತ ಹೆಚ್ಚೆಂದು ಅರ್ಥ. ಸುಣ್ಣ ಹಳೆಯದು, ಬಲ ಹೋಗಿತ್ತು. ಇನ್ನಷ್ಟು ಸುಣ್ಣ ಸೇರಿಸಿ ಕೆಂಪು ನಿಂತ ಮೇಲೆ ಹೊಡೆದದ್ದು. ಹಾಗೇ ಹೊಡೆದರೆ ಎಳೆ ಎಲೆ ಸುಡುತ್ತದೆ. ಚಕ್ಕೋತದ ಬುಡಕ್ಕೂ, ಬಟರ್‌ಫ್ರೂಟಿನ ಬುಡಕ್ಕೂ ತಲಾ 3 ಲೀಟರ್ ಸುರಿದಿದೆ.

ಆಶ್ಲೇಷ

20 ಕಸಿಯಲ್ಲಿ ಚಿಗುರಿದ್ದು 11. ಹೋದ 9ರಲ್ಲಿ ಆರು ಕಡ್ಡಿ ಕಪ್ಪಾಗಿದ್ದವು, ಟೋಪಿಯೊಳಗೆ ಬೂಸ್ಟು. ಕಡ್ಡಿಯನ್ನು ಕಾರ್ಬೆಂಡೆಜಿಂ ನೀರಿನಲ್ಲಿ (ಲೀಟರಿಗೆ 1 ಗ್ರಾಂ) ಹತ್ತು ನಿಮಿಷ ಅದ್ದಿದ ಕಂತಿನಲ್ಲಿ ಬೂಸ್ಟು ಬಂದದ್ದು ಒಂದಕ್ಕೆ ಮಾತ್ರ. ಅದ್ದದೆ ಹಾಕಿದ ಮೊದಲ ಕಂತಿನಲ್ಲೇ ಉಳಿದ ಐದು. ಇನ್ನು ಮೂರರಲ್ಲಿ ಕಡ್ಡಿ ಹಸಿರಾಗಿಯೇ ಇತ್ತು, ಪಟ್ಟಿ ಬಿಚ್ಚಿದರೆ ಬೆಣೆ ಸಡಿಲ. ಅದು ಕೈಯ ತಪ್ಪು. ಟೋಪಿ ತೆಗೆದದ್ದು ಮೋಡದ ಸಂಜೆ, ಚಿಗುರು ಒಂದಂಗುಲ ಆದ ಮೇಲೆ. ಪಟ್ಟಿ ಮಾತ್ರ ಮೂರು ತಿಂಗಳು ಇರಬೇಕು, ಆಮೇಲೆ ಮರೆಯಲೂಬಾರದು. ಮರೆತರೆ ಕತ್ತು ಹಿಚುಕುತ್ತದೆ. ಮುರುಗಲು ಎರಡರಲ್ಲಿ ಒಂದು ಹಿಡಿದಿದೆ.

ಹಸ್ತ

ಎರಡನೇ ಕಂತಿನ ಯೂರಿಯಾ, ಪೊಟ್ಯಾಷ್. ಕಸಿ ಗಂಟಿನ ಕೆಳಗಿನ ಚಿಗುರುಗಳನ್ನು ಚಿವುಟಿದ್ದು. ಆಪೂಸ್ ನಡುವಲ್ಲಿ ಒತ್ತಿಕೊಂಡು ಬೆಳೆದಿದೆ, ಮೂರು ರೆಂಬೆ ಉಳಿಸಿ ಒಳಮುಖದ ಎರಡು ತೆಗೆದದ್ದು. ಮಳೆ ನಿಲ್ಲದೆ ಈ ಕೆಲಸ ಕೂಡದು, ಕಡಿದ ಬಾಯಿಯಿಂದಲೇ ರೆಂಬೆ ಒಣಗುತ್ತ ಹೋಗುತ್ತದೆ. ಗಾಯಕ್ಕೆ ಬೋರ್ಡೋ ಪೇಸ್ಟು: ತುತ್ತ, ಸುಣ್ಣ ತಲಾ 100 ಗ್ರಾಂ, ಒಟ್ಟು ನೀರು 1 ಲೀಟರ್.

ಉಳಿದ ಮಲ್ಲಿಕಾದ ಬುಡದಲ್ಲಿ ಮರದ ಹೊಟ್ಟು, ಒಂದಡಿ ಮೇಲೆ ಪೆನ್ಸಿಲ್ ದಪ್ಪದ ತೂತು. ಕಾಂಡಕೊರಕ. ಸೈಕಲ್ಲಿನ ಕಡ್ಡಿಯ ತುದಿ ಕೊಕ್ಕೆ ಮಾಡಿ ಒಳಗೆ ಬಿಟ್ಟದ್ದು. ಐದಂಗುಲ ಹೋಗಿ ಮೆತ್ತನೆಯದೇನೋ ತಾಗಿತು, ತಿರುಗಿಸಿ ಎಳೆದರೆ ಕಡ್ಡಿಗೆ ಬಿಳಿ ರಸ ಅಂಟಿ ಬಂತು. ಹುಳು ಪೂರ್ತಿ ಬರಲಿಲ್ಲ. ಪೆಟ್ರೋಲಿನಲ್ಲಿ ಅದ್ದಿದ ಹತ್ತಿ ತುರುಕಿ, ಹಸಿ ಜೇಡಿಯಿಂದ ಬಾಯಿ ಮುಚ್ಚಿದ್ದು. ಮೂರು ದಿನ ಬಿಟ್ಟು ಹೊಸ ಹೊಟ್ಟು ಬಿದ್ದಿದೆಯೇ ನೋಡುವುದು ಮುಖ್ಯ. ಬಿದ್ದಿಲ್ಲ.

ಸ್ವಾತಿಯಿಂದ ಜನವರಿ

ಮಾವಿಗೆ ನೀರು ಬಂದ್. ಈಗ ನೀರು ಕೊಟ್ಟರೆ ಹೂವಿನ ಬದಲು ಚಿಗುರು ಬರುತ್ತದೆ. ಸಪೋಟ, ಚಕ್ಕೋತಕ್ಕೆ ಈ ಪಥ್ಯ ಇಲ್ಲ, ವಾರಕ್ಕೆ ಎರಡು ಕೊಡ ಹೋಗುತ್ತಿದೆ.

ಡಿಸೆಂಬರ್ ಕೊನೆಗೆ ಹಳೆಯ ಅಪ್ಪೆಮಿಡಿ ಎರಡೂ ಹೂ ಬಿಟ್ಟವು. ಗಿಡ ಸಣ್ಣದು, ಒಂದರ ಹೂಗೊಂಚಲನ್ನೆಲ್ಲ ಕತ್ತರಿಸಿ, ಇನ್ನೊಂದರಲ್ಲಿ ರುಚಿ ನೋಡಲೆಂದು ಐದು ಬಿಟ್ಟದ್ದು. ಬೆಳಗಿನ ಮಂಜಿಗೆ ಬೂದಿರೋಗ ಬರುವ ಕಾಲ, ಗೊಂಚಲಿನ ತುದಿಗೆ ಹಿಟ್ಟು ಉದುರಿಸಿದ ಹಾಗೆ ಕಂಡರೆ ಅದೇ. ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ, ಹೂ ಅರಳುವ ಮುಂಚೆಯೇ. ಅರಳಿದ ಮೇಲೆ ಏನನ್ನೂ ಹೊಡೆಯಲಿಲ್ಲ, ನೊಣ, ಜೇನು ಬಾರದಿದ್ದರೆ ಕಾಯಿ ಎಲ್ಲಿಂದ? ಚಗಳಿ ಇರುವೆಯ ಎರಡು ಗೂಡಿವೆ. ಬೇರೆ ಹುಳು ಹಿಡಿಯುತ್ತವೆಂದು ಬಿಟ್ಟಿದೆ, ಆದರೆ ಅವೇ ಹಿಟ್ಟುತಿಗಣೆಯನ್ನು ಸಾಕುತ್ತವೆ ಕೂಡ. ಪೇರಲೆಗೆ ಹತ್ತಿದ ಗೂಡನ್ನು ಆ ಕಾರಣಕ್ಕೇ ತೆಗೆಯಬೇಕಾಯಿತು.

ಮಾರ್ಚ್

ಮಿಡಿ ಸಿಕ್ಕಿದ್ದು 34. ನಾಲ್ಕು ಗೊಂಚಲಿನದು, ಐದನೆಯದು ಮಂಗನಿಗೆ. ಒಂದಂಗುಲ ತೊಟ್ಟು ಸಮೇತ ಕೊಯ್ದದ್ದು. ತೊಟ್ಟು ಮುರಿದರೆ ಸೊನೆ ಸೋರಿ ಪರಿಮಳವೂ ಹೋಗುತ್ತದೆ, ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಭರಣಿಯಲ್ಲಿ ಜೊತೆಯವನ್ನೂ ಕೆಡಿಸುತ್ತದೆ. ಸೊನೆ ದಟ್ಟವಾಗಿದೆ, ಮೂಗಿಗೆ ಹಿಡಿದರೆ ಜೀರಿಗೆಯದೇ ವಾಸನೆ. ಉಪ್ಪಿನಲ್ಲಿ ಹಾಕಿದೆ, ಗಟ್ಟಿ ಉಳಿಯುವುದೋ ಇಲ್ಲವೋ ಮುಂದಿನ ಮಾರ್ಚ್‌ಗೆ.

ಪೇರಲೆಗೆ ಹಣ್ಣುನೊಣ ಸೆಳೆಯುವ ಮೋಹಕ ಬಲೆ ಕಟ್ಟಿದೆ. ಅದಕ್ಕೆ ಬೀಳುವುದು ಗಂಡು ನೊಣ ಮಾತ್ರ, ಆದ್ದರಿಂದ ಬಲೆ ತುಂಬಿತೆಂದು ನೆಮ್ಮದಿಪಡುವಂತಿಲ್ಲ. ಉದುರಿದ ಹಣ್ಣನ್ನು ದಿನಾ ಹೆಕ್ಕಿ ಪ್ಲಾಸ್ಟಿಕ್ ಕೊಟ್ಟೆಗೆ ಹಾಕಿ, ಬಾಯಿ ಕಟ್ಟಿ ಬಿಸಿಲಿಗಿಡುವುದೇ ನಿಜವಾದ ಮದ್ದು. ನಿಂಬೆ ಗಾತ್ರದ 40 ಕಾಯಿಗೆ ಎರಡು ಪದರದ ಪೇಪರ್ ಚೀಲ ಕಟ್ಟಿದ್ದರಲ್ಲಿ ಹುಳು ಬಿದ್ದದ್ದು 3, ಮೂರೂ ಬಾಯಿ ಸಡಿಲವಾಗಿದ್ದ ಚೀಲಗಳು.

ಮುಂದಿನ ಕೆಲಸ: ಚಿಗುರಿದ 11 ಕಸಿಯಲ್ಲಿ ಎರಡು ಇಲ್ಲಿಗೆ, ಉಳಿದದ್ದು ಹಂಚಲಿಕ್ಕೆ. ಹಳೆಯ ಆಪೂಸ್ ಇನ್ನೂ ಗುಂಡಿಯಲ್ಲೇ ಇದೆ. ಅದನ್ನು ಎತ್ತಲಾಗುವುದಿಲ್ಲ, ರೋಹಿಣಿಗೆ ಮುಂಚೆ ಗುಂಡಿಯ ತಳದ ಮಟ್ಟಕ್ಕೆ ಕೆಳಬದಿಯಿಂದ ಮೂರಡಿ ಆಳದ ಚರಂಡಿ ತೋಡಿ, ಜಂಬಿಟ್ಟಿಗೆ ಒಡೆದು ಬಾಯಿ ಬಿಡಿಸಬೇಕು.