ಎರಡು ಸಹಿ

2025ರ ಏಪ್ರಿಲ್ ಕೊನೆಯ ವಾರ. ಮೂರು ಗಂಟೆಗೆ ಮೋಡ ಕಟ್ಟಿತು, ನಾಲ್ಕಕ್ಕೆ ಗಾಳಿ ಎದ್ದಿತು, ನಾಲ್ಕೂ ಕಾಲಿಗೆ ನಮ್ಮ ಅಡುಗೆಮನೆಯೊಳಗಿಂದ ಆಕಾಶ ಕಾಣುತ್ತಿತ್ತು. ಮನೆ ಹಿಂದಿನ ಸಿಲ್ವರ್ ಮರ ನಡುವಿಗೇ ಮುರಿದು ಮಾಡಿನ ಮೇಲೆ ಬಿದ್ದಿತ್ತು. ಹಂಚು ಹಾಳಾಗಿ ಹೋಗಲಿ, ಅದರ ಕೆಳಗಿನ ಪಕ್ಕಾಸುಗಳೇ ಮುರಿದಿದ್ದವು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಅತ್ತೆ ಮಾತ್ರ, "ಆ ಮರ ಕಡಿಸಿ ಅಂತ ಎಷ್ಟು ವರ್ಷದಿಂದ ಬಡ್ಕೊಂಡೆ" ಅಂತ ರಾತ್ರಿ ಊಟದವರೆಗೂ ಹೇಳುತ್ತಲೇ ಇದ್ದರು.

ನಮ್ಮೂರು ಸೋಮವಾರಪೇಟೆಯಿಂದ ಶಾಂತಳ್ಳಿ ಕಡೆ ಹೋಗುವ ದಾರಿಯಲ್ಲಿದೆ. ಪುಷ್ಪಗಿರಿ ಬೆಟ್ಟದ ಮಳೆ ಇಳಿಯುವುದೇ ನಮ್ಮ ತಲೆ ಮೇಲೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಮಳೆಗೆ ಕುಸಿದದ್ದನ್ನು ನೋಡಿದ ಮೇಲೆ ಇಲ್ಲಿ ಯಾರೂ ಮಾಡಿನ ಕೆಲಸವನ್ನು ಜೂನ್‌ಗೆ ಉಳಿಸಿಕೊಳ್ಳುವುದಿಲ್ಲ. ವೆಲ್ಡಿಂಗ್ ಹುಡುಗ ಬಂದು ಅಳತೆ ಮಾಡಿದ. ಕಬ್ಬಿಣದ ಪೈಪು, ಶೀಟು, ಕೂಲಿ ಎಲ್ಲ ಸೇರಿ 1,75,000 ಅಂದ. ನಮ್ಮ ಕೈಯಲ್ಲಿದ್ದದ್ದು 20 ಸಾವಿರ.

"ಕಾಫಿಗೆ ಇಷ್ಟು ರೇಟ್ ಇರುವಾಗ ನಿಮಗೇನ್ರೀ ಸಾಲ?" ಮುಂದಿನ ಹತ್ತು ದಿನ ನಾನು ಕೇಳಿದ್ದು ಇದೇ ಮಾತು. ನಿಜ, ಆ ವರ್ಷ ಕಾಫಿಗೆ ಹಿಂದೆಂದೂ ಕಾಣದ ಬೆಲೆ. ರೊಬಸ್ಟಾ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ, 50 ಕೆ.ಜಿ. ಚೀಲಕ್ಕೆ ಹತ್ತು ಸಾವಿರ ದಾಟಿತ್ತು. ಆದರೆ ನಾವು ಹಿಂದಿನ ಮಳೆಗಾಲದಲ್ಲೇ ಮಗನ ಡಿಪ್ಲೊಮಾ ಫೀಸಿಗೆ ಅಂತ ಕಾಫಿ ವ್ಯಾಪಾರಿ ಹತ್ತಿರ ಮುಂಗಡ ತಗೊಂಡಿದ್ದೆವು. ಆವತ್ತಿನ ರೇಟಿಗೇ ಮಾತಾಗಿತ್ತು. ಬೆಲೆ ಏರುವುದನ್ನು ಪೇಪರಿನಲ್ಲಿ ಓದುತ್ತಾ ಕಡಿಮೆ ಬೆಲೆಗೆ ಚೀಲ ತೂಗಿಸಿ ಕೊಟ್ಟೆವು. ಈ ವಿಷಯ ನಮ್ಮ ಯಜಮಾನರು ತಮ್ಮ ಸ್ವಂತ ತಮ್ಮನಿಗೂ ಹೇಳಿರಲಿಲ್ಲ.

ಬ್ಯಾಂಕಿನ ಕಥೆ ಚಿಕ್ಕದು. ಸಂಬಳದ ಚೀಟಿ ಇದೆಯಾ? ಇಲ್ಲ. ಐಟಿ ರಿಟರ್ನ್? ಇಲ್ಲ. ಇವರ ಪಿಕಪ್ಪಿನ ಕಂತು ಮೂರು ಸಲ ತಡವಾದದ್ದು ಸಾಲದ ಚರಿತ್ರೆ ಬರೆದಿಡುವ ಸಿಬಿಲ್‌ನಲ್ಲಿ ಕೂತಿತ್ತು. ಪಹಣಿ ಇನ್ನೂ ತೀರಿಹೋದ ಮಾವನ ಹೆಸರಲ್ಲೇ ಇದೆ, ವಾರಸುದಾರರ ಹೆಸರಿಗೆ ಬರೆಸುವ ಪೌತಿ ಖಾತೆ ಆಗಿಲ್ಲ, ಮೈದುನ ಬೆಂಗಳೂರಿನಿಂದ ಬಂದು ಸಹಿ ಹಾಕಬೇಕು, ಅವರು ಪ್ರತಿ ಹಬ್ಬಕ್ಕೂ ಮುಂದಿನ ಹಬ್ಬಕ್ಕೆ ಬರ್ತೀನಿ ಅನ್ನುತ್ತಾರೆ. ವಿರಾಜಪೇಟೆ ಕಡೆ ಜಮ್ಮಾ ಜಮೀನು, ಅಂದರೆ ತಲೆತಲಾಂತರದಿಂದ ಇಡೀ ಕುಟುಂಬಕ್ಕೆ ಬಂದ ಜಮೀನು, ಇರುವವರದ್ದು ಇನ್ನೂ ದೊಡ್ಡ ಗೋಳು. ಆಗ ಅಲ್ಲಿ ಪಹಣಿಯಲ್ಲಿ ಯಾವ ಕಾಲದ್ದೋ ಪಟ್ಟೇದಾರರ, ಅಂದರೆ ಕುಟುಂಬದ ಹಿರಿಯರ, ಹೆಸರು ಇರುತ್ತಿತ್ತು, ಜೊತೆಗೆ ಇಡೀ ಕುಟುಂಬ. ಅವರನ್ನು ನೆನೆದು ನಾನು ಸ್ವಲ್ಪ ಸಮಾಧಾನ ಮಾಡಿಕೊಂಡೆ. ಕೆಟ್ಟ ಬುದ್ಧಿ, ಆದರೂ ಮಾಡಿಕೊಂಡೆ.

ಸಹಕಾರ ಸೊಸೈಟಿಯಲ್ಲಿ ರೈತರಿಗೆ ಬಡ್ಡಿಯೇ ಇಲ್ಲದ ಸಾಲ ಸಿಗುತ್ತಲ್ಲ ಅಂತ ಬಹಳ ಜನ ಹೇಳಿದರು. ಸಿಗುತ್ತೆ. 2023ರ ಬಜೆಟ್‌ನಲ್ಲಿ ಅದರ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಆದರೆ ಅದು ಬೆಳೆ ಸಾಲ. ಗೊಬ್ಬರಕ್ಕೆ ಕೊಡ್ತಾರೆ, ಮಾಡಿಗೆ ಕೊಡಲ್ಲ. ಅದಕ್ಕೂ ಪಹಣಿ ನಮ್ಮ ಹೆಸರಲ್ಲಿ ಇರಬೇಕು.

ಒಂದು ರಾತ್ರಿ ಮೊಬೈಲ್‌ನಲ್ಲಿ ಸಾಲದ ಆ್ಯಪ್ ಒಂದನ್ನು ಇಳಿಸಿಕೊಂಡೆ. ಐದು ನಿಮಿಷದಲ್ಲಿ 50 ಸಾವಿರ, ಯಾರ ಮನೆಗೂ ಹೋಗಬೇಕಿಲ್ಲ, ಯಾರ ಮುಖವನ್ನೂ ನೋಡಬೇಕಿಲ್ಲ. ಆ ಕೊನೆಯ ಮಾತೇ ನನಗೆ ಹಿಡಿಸಿದ್ದು. ವರ್ಷಕ್ಕೆ ಒಟ್ಟು ಎಷ್ಟು ಬಡ್ಡಿ ಬೀಳುತ್ತೆ ಅಂತ ಸಾಲ ಕೊಡುವವರು ಮೊದಲೇ ಬರೆದು ತೋರಿಸಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಆ ಹಾಳೆಗಾಗಿ ಆ್ಯಪ್ ತುಂಬಾ ಹುಡುಕಿದೆ, ಸಿಗಲಿಲ್ಲ. ಬದಲಿಗೆ ನನ್ನ ಫೋನಿನಲ್ಲಿರುವ ಎಲ್ಲರ ನಂಬರು ಓದಲು ಒಪ್ಪಿಗೆ ಕೇಳಿತು. ಮುಖ ನೋಡಬೇಕಿಲ್ಲ ಅಂದವರಿಗೆ ನನ್ನ ನೆಂಟರ ನಂಬರು ಯಾಕೆ ಬೇಕು? ಅಳಿಸಿ ಹಾಕಿದೆ.

ವಾರದ ಸಾಲ ಕೊಡುವವರೂ ನಮ್ಮ ರಸ್ತೆಗೆ ಬರುತ್ತಾರೆ. ಆ ಫೆಬ್ರವರಿಯಲ್ಲಷ್ಟೇ ಸರ್ಕಾರ ಸುಗ್ರೀವಾಜ್ಞೆ ತಂದಿತ್ತು. ಸಾಲಗಾರರಿಗೆ ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಅದಾದ ಮೇಲೆ ವಸೂಲಿ ಹುಡುಗರು ಸ್ವಲ್ಪ ಮೆತ್ತಗಾಗಿದ್ದರು, "ಅಕ್ಕಾ, ಅಕ್ಕಾ" ಅನ್ನುತ್ತಿದ್ದರು. ಆದರೆ ವಾರ ವಾರ ಕಟ್ಟಲು ನಮಗೇನು ವಾರ ವಾರ ಕಾಫಿ ಹಣ್ಣಾಗುತ್ತದೆಯೇ?

ಉಳಿದದ್ದು ಎರಡು. ನಮ್ಮ ಸ್ತ್ರೀಶಕ್ತಿ ಸಂಘ, ಮತ್ತೆ ಸೊಸೈಟಿಯ ಜಾಮೀನು ಸಾಲ.

ಮೇ 4, ಭಾನುವಾರ. ಸಂಘದ ಸಭೆ ಅಂಗನವಾಡಿಯಲ್ಲಿ. ನಾವು ಹದಿನಾಲ್ಕು ಜನ. ಮೊದಲು ವಾರಕ್ಕೆ 10 ರೂಪಾಯಿ ಹಾಕುತ್ತಿದ್ದೆವು, ಈಗ 50. ಆ ದುಡ್ಡನ್ನೇ ನಮ್ಮನಮ್ಮಲ್ಲಿ ಸಾಲ ಕೊಡುವುದು. ಮೇ ತಿಂಗಳಲ್ಲಿ ಎಲ್ಲರಿಗೂ ದುಡ್ಡು ಬೇಕು, ಶಾಲೆ ಶುರುವಾಗುತ್ತಲ್ಲ. ನಾನು 60 ಸಾವಿರ ಅಂದ ಕೂಡಲೇ ಹಾಲಿನ ಡೈರಿ ಅಕ್ಕ ಕೇಳಿಯೇಬಿಟ್ಟರು, "ಅಲ್ವೇ, ಕಾಫಿ ದುಡ್ಡು ಏನು ಮಾಡಿದ್ರಿ?"

ಎಲ್ಲರೂ ನನ್ನ ಕಡೆ ನೋಡಿದರು. ಸುಳ್ಳು ಹೇಳಬಹುದಿತ್ತು. ಆದರೆ ಆ ಕೋಣೆಯಲ್ಲಿ ನಮ್ಮ ಕಾಫಿ ಕುಯ್ದ ಮೂರು ಜನ ಕೂತಿದ್ದರು, ಎಷ್ಟು ಚೀಲ ಆಯಿತು ಅಂತ ನನಗಿಂತ ಅವರಿಗೇ ಚೆನ್ನಾಗಿ ಗೊತ್ತು. ಮುಂಗಡದ ಕಥೆ ಪೂರ್ತಿ ಹೇಳಿದೆ. ಹೇಳುವಾಗ ಕಿವಿ ಬಿಸಿಯಾಯಿತು. ಒಂದು ನಿಮಿಷ ಸುಮ್ನಿದ್ದು ಅದೇ ಡೈರಿ ಅಕ್ಕ, "ನಮ್ದೂ ಅದೇ ಕಥೆ, ಅದೇ ವ್ಯಾಪಾರಿ" ಅಂದರು. ಇನ್ನೊಬ್ಬರು ಕೂಡ. ಹದಿನಾಲ್ಕರಲ್ಲಿ ಐದು ಮನೆಯವರು ಅದೇ ಕಾಗದಕ್ಕೆ ಸಹಿ ಹಾಕಿ, ಒಬ್ಬರಿಗೊಬ್ಬರು ಹೇಳದೆ ಮುಚ್ಚಿಟ್ಟುಕೊಂಡಿದ್ದೆವು.

ಲೆಕ್ಕ ಬರೆಯುವ ಹುಡುಗಿ ಪಿಯುಸಿ ಓದಿದವಳು, ಭಾರಿ ಚುರುಕು. ನಮ್ಮ ಬಡ್ಡಿ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ, ಅದೂ ಉಳಿದ ಅಸಲಿಗೆ ಮಾತ್ರ. ಅವಳು ಕುಳಿತಲ್ಲೇ ಬರೆದು ತೋರಿಸಿದಳು. 60 ಸಾವಿರವನ್ನು ತಿಂಗಳಿಗೆ 3 ಸಾವಿರದಂತೆ ಇಪ್ಪತ್ತು ಕಂತು. ಮೊದಲ ತಿಂಗಳು ಬಡ್ಡಿ 600, ಮುಂದಿನ ತಿಂಗಳು 570, ಹೀಗೆ ಇಳಿಯುತ್ತಾ ಕೊನೆಗೆ 30. ಒಟ್ಟು 6,300. "ಇದನ್ನೇ ಫೈನಾನ್ಸ್‌ನವರು ಫ್ಲಾಟ್ ಒಂದು ರೂಪಾಯಿ ಅಂತ, ಅಂದ್ರೆ ಕೊನೇವರೆಗೂ ಪೂರ್ತಿ 60 ಸಾವಿರಕ್ಕೇ ಬಡ್ಡಿ ಹಾಕಿ, ಕೊಟ್ಟರೆ ಹನ್ನೆರಡು ಸಾವಿರ ಆಗುತ್ತೆ ಅತ್ತಿಗೆ. ಕೇಳೋಕೆ ಎರಡೂ ಒಂದೇ ರೂಪಾಯಿ." ಇಷ್ಟು ವರ್ಷ ಪಿಕಪ್ಪಿನ ಕಂತು ಕಟ್ಟಿದ ನಮ್ಮ ಮನೆಯಲ್ಲಿ ಯಾರಿಗೂ ಈ ವ್ಯತ್ಯಾಸ ಗೊತ್ತಿರಲಿಲ್ಲ.

ಮಗಳ ಫೀಸಿಗೆ ಕೇಳಿದ್ದವರೊಬ್ಬರು ಜೂನ್‌ಗೆ ತಗೋತೀನಿ ಅಂದರು. ಮುಖ ಸಣ್ಣದು ಮಾಡಿಕೊಂಡೇ ಅಂದರು. ನನಗೆ 60 ಸಾವಿರ ಒಪ್ಪಿಗೆಯಾಯಿತು.

ಮಾರನೇ ದಿನ ಸೋಮವಾರ, ಸೋಮವಾರಪೇಟೆಯಲ್ಲಿ ಸಂತೆ. ಸೊಸೈಟಿಯ ಬೋರ್ಡ್ ಮೀಟಿಂಗ್ ಗುರುವಾರ ಇತ್ತು. ಅರ್ಜಿ ಸೋಮವಾರವೇ ನಾಲ್ಕು ಗಂಟೆಯೊಳಗೆ ಸೇರಬೇಕು ಅಂತ ಸೆಕ್ರೆಟರಿ ಮೊದಲೇ ಹೇಳಿದ್ದರು. ಲಕ್ಷ ರೂಪಾಯಿ, ವರ್ಷಕ್ಕೆ ಶೇ 13 ಬಡ್ಡಿ, ಮೂರು ವರ್ಷ. 5 ಸಾವಿರ ಷೇರಿಗೆ ಹಿಡಿದುಕೊಳ್ಳುತ್ತಾರೆ. ಇವರು ಹಳೇ ಸದಸ್ಯರು, ಅದು ಅಡ್ಡಿಯಿಲ್ಲ. ಬೇಕಾದದ್ದು ಎರಡು ಜಾಮೀನು ಸಹಿ. ಜಾಮೀನು ಹಾಕುವವರೂ ಸದಸ್ಯರೇ ಆಗಿರಬೇಕು, ಸುಸ್ತಿದಾರರಾಗಿರಬಾರದು, ಅಂದರೆ ಸಾಲ ಬಾಕಿ ಉಳಿಸಿಕೊಂಡಿರಬಾರದು, ಪಹಣಿ ಅವರ ಹೆಸರಲ್ಲಿ ಇರಬೇಕು.

ಇವರಿಗೆ ಅವತ್ತು ಕುಶಾಲನಗರಕ್ಕೆ ಬಾಡಿಗೆ ಇತ್ತು. ಅರ್ಜಿ ನನ್ನ ಚೀಲದಲ್ಲಿ.

ಮೊದಲು ಭಾವನ ಮನೆ. ಇವರ ದೊಡ್ಡಪ್ಪನ ಮಗ, ಹತ್ತು ಎಕರೆ ತೋಟ. ಅಕ್ಕಿ ರೊಟ್ಟಿ ಕೊಟ್ಟರು, ಕಾಫಿ ಕೊಟ್ಟರು, ಮರ ಬಿದ್ದ ಕಥೆ ಪೂರ್ತಿ ಕೇಳಿದರು. ಅರ್ಜಿ ತೆಗೆದಾಗ ಕನ್ನಡಕ ಹುಡುಕಿದರು. ಸಿಗಲಿಲ್ಲವಂತೆ. "ಸಂಜೆ ಬಾಮ್ಮಾ, ನೋಡೋಣ." ಕನ್ನಡಕ ಅವರ ಅಂಗಿ ಜೇಬಿನಲ್ಲೇ ಇತ್ತು. ನಾನು ನೋಡಿದೆ, ನಾನು ನೋಡಿದ್ದನ್ನು ಅವರೂ ನೋಡಿದರು.

ಅವರ ಮೇಲೆ ಸಿಟ್ಟು ಮಾಡುವ ಹಕ್ಕು ನಮಗಿಲ್ಲ. ನಮ್ಮ ಮನೆಯಲ್ಲೂ ಅದೇ ಕಾನೂನು. ಮಾವ ಯಾರಿಗೋ ಜಾಮೀನು ನಿಂತು, ಆತ ಊರು ಬಿಟ್ಟು ಹೋಗಿ, ಆ ಸಾಲ ತೀರಿಸಲು ಎರಡು ಹಸು ಮಾರಿದ್ದರು. ಸಾಯುವ ಮುಂಚೆ ಮಗನಿಗೆ ಹೇಳಿದ್ದು ತೋಟದ ವಿಷಯ ಅಲ್ಲ, "ಯಾರಿಗೂ ಸಹಿ ಹಾಕಬೇಡ" ಅಂತ. ಮೂರು ವರ್ಷದ ಹಿಂದೆ ಪಕ್ಕದ ಮನೆಯವರು ಬಂದು ಕೇಳಿದಾಗ ಇವರು ಅದೇ ಮಾತು ಹೇಳಿ ಕಳಿಸಿದ್ದರು. ಅವತ್ತೂ ನಾನು ಕಾಫಿ ಕೊಟ್ಟಿದ್ದೆ.

ಎರಡನೇ ಮನೆ ಮೇಷ್ಟ್ರದ್ದು, ನಿವೃತ್ತರು. ಅರ್ಜಿಯ ಒಂದೊಂದು ಸಾಲನ್ನೂ ಓದಿದರು. "ಸಾಲಗಾರರು ಪಾವತಿಸದಿದ್ದಲ್ಲಿ" ಅನ್ನುವ ಸಾಲನ್ನು ನನಗೆ ಕೇಳುವ ಹಾಗೆ ಜೋರಾಗಿ ಓದಿದರು. "ಅರ್ಥ ಆಯ್ತೇನಮ್ಮ? ನೀವು ಕಟ್ಟದಿದ್ರೆ ನೋಟಿಸ್ ನನಗೆ ಬರುತ್ತೆ." ಆಯ್ತು ಸಾರ್ ಅಂದೆ. ಸಹಿ ಹಾಕಿ, ಕೆಳಗೆ ದಿನಾಂಕವನ್ನೂ ಬರೆದು, ಶಾಯಿ ಒಣಗುವ ತನಕ ಊದಿದರು. ಬಾಲ್ ಪೆನ್ನು, ಊದುವ ಅಗತ್ಯ ಇರಲಿಲ್ಲ. ಅವರ ಮಗ ಇವರ ಜೊತೆ ಶಾಲೆಗೆ ಹೋಗಿದ್ದವನು. ಅದಕ್ಕೇ ಹಾಕಿದರೋ ಏನೋ, ಕೇಳಲಿಲ್ಲ.

ಹನ್ನೆರಡೂವರೆ. ಇನ್ನೊಂದು ಸಹಿ. ಬಸ್ ಸ್ಟ್ಯಾಂಡಿನಲ್ಲಿ ಸಂತೆಯ ಜನ, ಎಲ್ಲರೂ ಗುರುತಿನವರೇ. ಯಾರನ್ನು ಕಂಡರೂ ಅವರ ಪಹಣಿ ಯಾರ ಹೆಸರಲ್ಲಿದೆ ಅಂತಲೇ ನನ್ನ ತಲೆಯಲ್ಲಿ ಓಡುತ್ತಿತ್ತು. ಅಲ್ಲಿ ಎದುರಿಗೆ ಬಂದವರು ಪಕ್ಕದ ಮನೆಯವರು, ನಾವು ಇಲ್ಲ ಅಂದಿದ್ದವರು. ಕೈಯಲ್ಲಿ ಒಣಮೀನಿನ ಪೊಟ್ಟಣ. ನಾನು ತಪ್ಪಿಸಿಕೊಳ್ಳಲು ನೋಡಿದೆ. ಅವರೇ, "ಸಹಿಗೆ ಓಡಾಡ್ತಿದ್ದೀರಂತೆ" ಅಂದರು. ಹನ್ನೆರಡೂವರೆಗೇ ಪೇಟೆಗೆಲ್ಲ ಗೊತ್ತಾಗಿತ್ತು.

"ನಾನು ಹಾಕ್ತಿದ್ದೆ ಅಕ್ಕಾ, ಆದ್ರೆ ನಾನು ಸುಸ್ತಿ. ಸೊಸೈಟಿ ಬೋರ್ಡಿನಲ್ಲಿ ಹೆಸರು ಹಾಕಿದ್ದಾರಲ್ಲ." ಆಮೇಲೆ ಸ್ವಲ್ಪ ನಕ್ಕು, "ಅವತ್ತು ಅಣ್ಣ ಸಹಿ ಹಾಕದೇ ಇದ್ದದ್ದು ಒಳ್ಳೇದಾಯ್ತು ಬಿಡಿ. ಹಾಕಿದ್ರೆ ಇವತ್ತು ಅವರ ಹೆಸರೂ ಬೋರ್ಡಿನಲ್ಲಿ ಇರ್ತಿತ್ತು" ಅಂದರು. ಏನು ಹೇಳಬೇಕು ಅಂತ ನನಗೆ ತೋಚಲಿಲ್ಲ. ಹೊರಡುವಾಗ ಅವರೇ ಹೇಳಿದರು, "ಕೆಳಗಿನ ಗದ್ದೆ ಮನೆ ಅಕ್ಕನ್ನ ಕೇಳಿ ನೋಡಿ. ಅವರ ಪಹಣಿ ಕ್ಲೀನ್ ಇದೆ."

ಗದ್ದೆ ಮನೆ ಅಕ್ಕನನ್ನು ನಾವು ಯಾರೂ ಲೆಕ್ಕಕ್ಕೇ ತಗೊಂಡಿರಲಿಲ್ಲ. ಗಂಡ ತೀರಿಹೋಗಿ ಎಂಟು ವರ್ಷ, ಅರವತ್ತು ಸೆಂಟು ಕಾಫಿ, ಒಂದಿಷ್ಟು ಗದ್ದೆ. ಆದರೆ ಗಂಡ ಸತ್ತ ವರ್ಷವೇ ತಾಲ್ಲೂಕು ಕಚೇರಿಗೆ ಒಬ್ಬರೇ ಅಲೆದು ಖಾತೆ ಮಾಡಿಸಿಕೊಂಡಿದ್ದರು. ನಾನು ಹೋದಾಗ ಮೆಣಸು ಒಣಗಿಸಿದ್ದ ಚಾಪೆ ಮಡಚುತ್ತಿದ್ದರು. ಕೂರು ಅನ್ನಲಿಲ್ಲ. ಪೂರ್ತಿ ಕೇಳಿ, "ತಿಂಗಳಿಗೆ ಎಷ್ಟು ಕಂತು?" ಅಂದರು. ಹೇಳಿದೆ. "ಯಾರು ಕಟ್ತಾರೆ, ನೀನೋ ಅವನೋ?" ನಾನೇ ಅಂದೆ.

"ಹಾಕ್ತೀನಿ. ಆದ್ರೆ ಪ್ರತಿ ತಿಂಗಳು ಕಟ್ಟಿದ ರಸೀದಿ ತಂದು ನನಗೆ ತೋರಿಸಬೇಕು. ಫೋನಿನಲ್ಲಿ ಫೋಟೋ ಅಲ್ಲ. ನೀನೇ ಬರಬೇಕು."

ಒಪ್ಪಿಕೊಂಡೆ. ದಾರಿಯಲ್ಲಿ ಮಾತ್ರ ಸ್ವಲ್ಪ ಉರಿಯಿತು. ಬ್ಯಾಂಕಿನವರು ಕೂಡ ಇಷ್ಟು ಕೇಳಿರಲಿಲ್ಲ ಅಲ್ವಾ? ಮೂರೂ ಮುಕ್ಕಾಲಿಗೆ ಅರ್ಜಿ ಸೊಸೈಟಿ ಮೇಜಿನ ಮೇಲಿತ್ತು.

ದುಡ್ಡು ಬರಲು ಹತ್ತು ದಿನ ಹಿಡಿಯಿತು. ಕೈಗೆ ಸಿಕ್ಕಿದ್ದು 95 ಸಾವಿರ, ಸಂಘದ 60, ನಮ್ಮ 20. ಸರಿಯಾಗಿ 1,75,000. ಜೂನ್‌ಗೆ ಇನ್ನೂ ಎರಡು ವಾರ ಇದೆ ಅಂತ ವೆಲ್ಡಿಂಗ್ ಹುಡುಗ ನಿಧಾನಕ್ಕೆ ಶುರುಮಾಡಿದ. ಮಳೆ ಮಾತ್ರ ಕಾಯಲಿಲ್ಲ. ಮೇ 24ಕ್ಕೇ ಮುಂಗಾರು ಕೇರಳಕ್ಕೆ ಬಂತು, ಮಾಮೂಲಿಗಿಂತ ಎಂಟು ದಿನ ಮೊದಲು. ಮರುದಿನ ನಮ್ಮಲ್ಲೂ ಜಡಿಮಳೆ. ಮಾಡಿನ ಒಂದು ಬದಿಗೆ ಶೀಟು, ಇನ್ನೊಂದು ಬದಿಗೆ ನೀಲಿ ಟಾರ್ಪಾಲು. ಹೊಳವಾದಾಗ ಒಂದು ಗಂಟೆ ವೆಲ್ಡಿಂಗ್, ಮತ್ತೆ ಮಳೆ. ಹೀಗೇ ಒಂಬತ್ತು ದಿನ. ಅಡುಗೆಮನೆಯಲ್ಲಿ ಏಳು ಪಾತ್ರೆ ಇಟ್ಟಿದ್ದೆ. ಶೀಟಿನ ಮೇಲೆ ಮಳೆ ಬಿದ್ದರೆ ಟಿವಿ ಕೇಳಲ್ಲ ಅಂತ ಅತ್ತೆಗೆ ಈಗ ಹೊಸ ದೂರು.

ಜೂನ್‌ನಿಂದ ಪ್ರತಿ ತಿಂಗಳೂ ರಸೀದಿ ಹಿಡಿದು ಗದ್ದೆ ಮನೆಗೆ ಹೋಗುತ್ತೇನೆ. ಮೊದಲ ಸಲ ಬಾಗಿಲಲ್ಲೇ ನಿಲ್ಲಿಸಿ ನೋಡಿ ಕಳಿಸಿದರು. ಆಗಸ್ಟ್‌ನಲ್ಲಿ ಮಳೆಗೆ ಇವರಿಗೆ ಬಾಡಿಗೆ ಇಲ್ಲದೆ ಕಂತು ನಾಲ್ಕು ದಿನ ತಡವಾಯಿತು. ಅವತ್ತು ಅವರೇ ಕೊಡೆ ಹಿಡಿದು ನಮ್ಮ ಮನೆಗೆ ಬಂದರು. ಏನೂ ಕೇಳಲಿಲ್ಲ. ಹೊಸ ಮಾಡು ನೋಡಿದರು, ಕಾಫಿ ಕುಡಿದರು, ಹೋದರು. ಐದನೇ ದಿನ ನಾನು ಕೋಳಿ ಮಾರಿ ಕಟ್ಟಿದೆ.

ಮೊನ್ನೆ ಅವರು ಒಂದು ಅರ್ಜಿ ತಂದರು. ಮಗಳು ಮೈಸೂರಿನಲ್ಲಿ ನರ್ಸಿಂಗ್ ಸೇರುತ್ತಾಳೆ, 80 ಸಾವಿರ ಬೇಕು. ಒಂದು ಸಹಿ ಮೇಷ್ಟ್ರದ್ದು ಆಗಿದೆ. ಇನ್ನೊಂದು ಜಾಗ ಖಾಲಿ. ಇವರು ಅದನ್ನು ಓದಿ, ಏನೂ ಹೇಳದೆ ಮಾವನ ಫೋಟೋ ಕಡೆ ಒಂದು ಸಲ ನೋಡಿ, ಪೆನ್ನು ಕೊಡು ಅಂದರು. ಪೆನ್ನು ಕೊಟ್ಟ ಮೇಲೆ ನನಗೆ ನೆನಪಾಯಿತು. ನಮ್ಮ ಪಹಣಿ ಇನ್ನೂ ಮಾವನ ಹೆಸರಲ್ಲೇ ಇದೆ, ಈ ಸಹಿ ಸೊಸೈಟಿಯಲ್ಲಿ ನಡೆಯಲ್ಲ. ರಾತ್ರಿ ಮೈದುನನಿಗೆ ಫೋನ್ ಮಾಡಿದೆವು. ದೀಪಾವಳಿಗೆ ಬರ್ತೀನಿ ಅಂದರು. "ದೀಪಾವಳಿ ಬೇಡ, ಈ ಭಾನುವಾರ ಬಾ" ಅಂತ ಅತ್ತೆ ಫೋನ್ ಕಸಿದುಕೊಂಡು ಹೇಳಿದರು.