ಯಾವ ಚಾನೆಲ್ ನಂಬಬೇಕು ಅಂತ ಕೇಳುವವರಿಗೆ

"ನೀವು ಟಿವೀಲಿ ಇದ್ದವರಲ್ವಾ? ಯಾವ ಚಾನೆಲ್ ನೋಡಿದ್ರೆ ನಿಜವಾದ ಸುದ್ದಿ ಸಿಗುತ್ತೆ ಹೇಳಿ. ಯಾರ ಕಡೆಗೂ ವಾಲದೇ ಇರೋದು."

ಮದುವೆ ಮನೆಯಲ್ಲಿ, ಆಟೋದಲ್ಲಿ, ಕ್ಷೌರದ ಅಂಗಡಿಯಲ್ಲಿ, ಎಲ್ಲಿ ಹೋದರೂ ಈ ಪ್ರಶ್ನೆ ಬರುತ್ತದೆ. ಬೆಂಗಳೂರಿನ ಸುದ್ದಿ ಚಾನೆಲ್‌ಗಳ ಡೆಸ್ಕಿನಲ್ಲಿ ಹತ್ತು ವರ್ಷ ಬುಲೆಟಿನ್ ಮಾಡಿದವನು ನಾನು. ಇಷ್ಟು ದಿನ ಏನೋ ಒಂದು ಹೇಳಿ ಜಾರಿಕೊಳ್ಳುತ್ತಿದ್ದೆ. ಹನುಮಂತನಗರದ ನಮ್ಮ ಚಿಕ್ಕಪ್ಪ ಮಾತ್ರ ಬಿಡಲಿಲ್ಲ.

ಅವರು ನ್ಯಾಷನಲ್ ಕಾಲೇಜು ಮೈದಾನದಲ್ಲಿ ಒಂದು ಪಕ್ಷದ ಸಭೆಗೆ ಹೋಗಿದ್ದರು. ಆ ಪಕ್ಷಕ್ಕೆ ಓಟು ಹಾಕಿದವರೇನಲ್ಲ, ಭಾಷಣ ಕೇಳೋಣ ಅಂತ ಹೋದದ್ದು. ಕೂರಲು ಜಾಗ ಸಿಗದೆ ಎರಡು ಗಂಟೆ ನಿಂತೇ ಇದ್ದರು. ಮನೆಗೆ ಬಂದು ಟಿವಿ ಹಾಕಿದರೆ ಅದೇ ಸಭೆ, ಆದರೆ ಸಾಲು ಸಾಲು ಖಾಲಿ ಕುರ್ಚಿ. ಕೆಳಗೆ ದಪ್ಪ ಅಕ್ಷರದಲ್ಲಿ ‘ಜನವೇ ಇಲ್ಲದ ಸಮಾವೇಶ’. ರಾತ್ರಿ ಹತ್ತಕ್ಕೆ ನನಗೆ ಫೋನ್ ಬಂತು. "ನಿಂತು ನಿಂತು ಮಂಡಿ ಹಿಡ್ಕೊಂಡಿದೆ ಕಣೋ. ಆ ಕುರ್ಚಿಗಳು ಎಲ್ಲಿದ್ವು?"

ಅಲ್ಲೇ ಇದ್ದಿರಬೇಕು, ಮಧ್ಯಾಹ್ನ ಮೂರು ಗಂಟೆಯಲ್ಲಿ. ಸಂಜೆ ಐದಕ್ಕೆ ಸಭೆ ಇದ್ದರೆ ಕ್ಯಾಮೆರಾದವರು ಮೂರಕ್ಕೇ ಹೋಗಿ ಜಾಗ ಹಿಡಿಯುತ್ತಾರೆ. ಇರಲಿ ಅಂತ ಮೈದಾನದ ನಾಲ್ಕು ಶಾಟ್ ತೆಗೆದು ಕಳಿಸುತ್ತಾರೆ. ಆಗ ಕುರ್ಚಿ ಖಾಲಿಯೇ ಇರುತ್ತವೆ. ಇದು ನನಗೆ ಗೊತ್ತಿರುವುದು ನಾನೇ ಒಮ್ಮೆ ಹಾಗೆ ಮಾಡಿದ್ದರಿಂದ. ಒಂದೇ ಸಂಜೆ ಎರಡು ಪಕ್ಷಗಳ ಸಭೆ ಇತ್ತು. ಒಂದಕ್ಕೆ ಡ್ರೋನ್ ಶಾಟ್ ಹಾಕಿದೆ. ಇನ್ನೊಂದಕ್ಕೆ "ಖಾಲಿ ಕುರ್ಚಿ ಇದ್ಯಲ್ಲ, ಅದನ್ನೇ ಹಾಕು" ಅಂತ ಮೇಲಿನವರು ಹೇಳಿದರು. ಹಾಕಿದೆ. ಕುರ್ಚಿ ನಿಜ, ಮೈದಾನ ನಿಜ, ದಿನವೂ ನಿಜ. ಗಂಟೆ ಮಾತ್ರ ಬೇರೆ. ಪರದೆಯ ಮೂಲೆಯಲ್ಲಿ ‘ಮಧ್ಯಾಹ್ನ 3’ ಅಂತ ಬರೆದಿದ್ದರೆ ಸಾಕಿತ್ತು. ಬರೆಯಲಿಲ್ಲ. ಅದು ಈಗಲೂ ನನ್ನನ್ನು ಚುಚ್ಚುತ್ತದೆ.

ಪಕ್ಷಪಾತ ಅಂದರೆ ಹಸಿ ಸುಳ್ಳು ಹೇಳುವುದು ಅಂತ ಜನ ಅಂದುಕೊಂಡಿದ್ದಾರೆ. ಡೆಸ್ಕಿನಲ್ಲಿ ಕೂತವರಿಗೆ ಸುಳ್ಳು ಹೇಳುವ ಅಗತ್ಯವೇ ಬೀಳುವುದಿಲ್ಲ. ಕ್ರಿಯಾಪದ ಒಂದು ಸಾಕು. ಇಬ್ಬರು ನಾಯಕರು ಒಂದೇ ಧಾಟಿಯಲ್ಲಿ ಮಾತಾಡಿರುತ್ತಾರೆ. ಒಬ್ಬರು ‘ಗುಡುಗಿದರು’, ಇನ್ನೊಬ್ಬರು ‘ಹರಿಹಾಯ್ದರು’. ಒಬ್ಬರು ‘ತಿರುಗೇಟು ಕೊಟ್ಟರು’, ಇನ್ನೊಬ್ಬರು ‘ನುಣುಚಿಕೊಂಡರು’. ‘ಹೇಳಿದರು’ ಅನ್ನುವ ಒಳ್ಳೆಯ ಪದ ನಮ್ಮ ಟಿವಿ ಕನ್ನಡದಿಂದ ಹೆಚ್ಚುಕಡಿಮೆ ಮಾಯವೇ ಆಗಿದೆ. ಹೊಸಬರು ಯಾರಾದರೂ ‘ಹೇಳಿದರು’ ಅಂತ ಬರೆದರೆ ‘ಸಪ್ಪೆ ಆಯ್ತಲ್ಲ’ ಅಂತ ತಿದ್ದುತ್ತಿದ್ದೆವು.

ಅಡ್ಡಹೆಸರುಗಳದ್ದೂ ಇದೇ ಕಥೆ. ರಾಜಾಹುಲಿ, ಟಗರು, ಬಂಡೆ. ಇವು ಅಭಿಮಾನಿಗಳು ಇಟ್ಟ ಹೆಸರು, ಅವರು ಕೂಗಲಿ. ಸುದ್ದಿ ಓದುವವರು ‘ಟಗರು ಗುಮ್ಮಿತು’, ‘ಹುಲಿ ಘರ್ಜಿಸಿತು’ ಅಂದರೆ ಮುಖ್ಯಮಂತ್ರಿ ಆಗಿದ್ದವರು ಸಿನಿಮಾ ಹೀರೊ ಆಗಿಬಿಡುತ್ತಾರೆ. ಹೀರೊಗೆ ಬಜೆಟ್ ಲೆಕ್ಕ ಯಾರು ಕೇಳುತ್ತಾರೆ?

ಇನ್ನೊಂದು ಪದ ‘ಎನ್ನಲಾಗಿದೆ’. ಯಾರು ಅಂದದ್ದು ಅಂತ ಹೇಳದೆಯೇ ವಾಕ್ಯ ಮುಗಿಸಬಹುದು. 2023ರ ಮೇ 13ರ ವಿಧಾನಸಭೆ ಮತ ಎಣಿಕೆ ಪೂರ್ತಿ ಮುಗಿದ ಮೇಲೆ ಯಾವ ಚಾನೆಲ್ ಹಾಕಿದರೂ ಒಂದೇ ಲೆಕ್ಕ ಇತ್ತು: ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19. ಎಣಿಸಿದ ಸಂಖ್ಯೆಯಾದ್ದರಿಂದ ಯಾರೂ ಅದನ್ನು ಎಳೆದಾಡಲಿಲ್ಲ. ಮಾರನೇ ದಿನದಿಂದ ಯಾರು ಸಿಎಂ ಅನ್ನುವ ಪ್ರಶ್ನೆ. 18ನೇ ತಾರೀಕು ಹೆಸರು ಘೋಷಣೆ ಆಗುವವರೆಗೂ ‘ಮೂಲಗಳ ಪ್ರಕಾರ’, ‘ಎನ್ನಲಾಗಿದೆ’ಗಳದ್ದೇ ದರ್ಬಾರು. ಆ ಮೂಲ ಯಾವ ಬಣದವರು ಅನ್ನುವುದು ನೋಡುವವರಿಗೆ ಗೊತ್ತಾಗುವುದೇ ಇಲ್ಲ. ಮೂಲದ ಹೆಸರು ಮುಚ್ಚಿಡುವುದು ಕೆಲವು ಸಲ ಅನಿವಾರ್ಯ, ಒಪ್ಪುತ್ತೇನೆ. ಯಾವ ಕಡೆಯವರು ಅಂತಲಾದರೂ ಹೇಳಬೇಕಲ್ವಾ?

ಮಾಲೀಕರ ವಿಷಯ ಎಲ್ಲರಿಗೂ ಗೊತ್ತಿರುವುದೇ. ಕಸ್ತೂರಿ ಚಾನೆಲ್ ಎಚ್.ಡಿ. ಕುಮಾರಸ್ವಾಮಿ ಅವರ ಮನೆಯವರದು ಅಂತ ಇಡೀ ರಾಜ್ಯಕ್ಕೆ ತಿಳಿದಿತ್ತು. ರಾಜಕೀಯ ಪಕ್ಷಗಳನ್ನು ಈ ವ್ಯವಹಾರದಿಂದ ದೂರ ಇಡಿ ಅಂತ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2008ರಲ್ಲೂ 2014ರಲ್ಲೂ ಶಿಫಾರಸು ಮಾಡಿತು. ಅದು ಶಿಫಾರಸಾಗಿಯೇ ಉಳಿಯಿತು.

ಆದರೆ ನನ್ನ ದೊಡ್ಡ ಸಂಕಟ ಒಂದು ಪಕ್ಷದ ಕಡೆ ವಾಲುವುದರ ಬಗ್ಗೆ ಅಲ್ಲ. ಎಲ್ಲರಿಗೂ ಒಂದೊಂದು ಬೈಟ್, ಅಂದರೆ ಕ್ಯಾಮೆರಾ ಮುಂದಿನ ತುಣುಕು ಹೇಳಿಕೆಗೆ ಜಾಗ ಕೊಟ್ಟು ‘ನಾವು ನಿಷ್ಪಕ್ಷಪಾತಿಗಳು’ ಅಂದುಕೊಳ್ಳುವುದರ ಬಗ್ಗೆ. ಡೆಸ್ಕಿನಲ್ಲಿ ದಿನಾ ಕೇಳುವ ಮಾತು, "ಅವರ ವರ್ಷನ್ ತಗೊಂಡ್ರಾ?" ಬಿಜೆಪಿಯವರದ್ದು ಹದಿನೈದು ಸೆಕೆಂಡ್, ಕಾಂಗ್ರೆಸ್‌ನವರದ್ದು ಹದಿನೈದು, ಜೆಡಿಎಸ್‌ನವರದ್ದು ಹತ್ತು. ಅಲ್ಲಿಗೆ ಕೆಲಸ ಮುಗಿಯಿತು. ಇಬ್ಬರಲ್ಲಿ ಯಾರು ಹೇಳಿದ್ದು ಸರಿ ಅಂತ ಕಡತ ತೆಗೆದು ನೋಡುವವರಿಲ್ಲ. ಬ್ರಿಟನ್ನಿನಲ್ಲಿ ಪ್ರಸಾರದ ಮೇಲೆ ಕಣ್ಣಿಡುವ ಆಫ್‌ಕಾಮ್ ಸಂಸ್ಥೆಯ ನಿಯಮ, ಎಲ್ಲರಿಗೂ ಸಮಸಮ ಸಮಯ ಹಂಚಬೇಕೆಂದಿಲ್ಲ ಅನ್ನುತ್ತದೆ. ವಿಷಯಕ್ಕೆ ತಕ್ಕಂತೆ ನ್ಯಾಯ ಒದಗಿಸಿ ಅನ್ನುತ್ತದೆ. ನನಗೆ ಅದು ಸರಿ ಅನಿಸುತ್ತದೆ.

ಮೂರೂ ಪಕ್ಷ ಸುಮ್ಮನಿದ್ದಾಗ ಈ ಬೈಟ್ ಲೆಕ್ಕ ಏನಾಗುತ್ತದೆ ನೋಡಿ. ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ, 198 ವಾರ್ಡ್‌ಗಳಿಗೆ. ಆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆಮೇಲೆ ವಾರ್ಡ್‌ಗಳು 243 ಆದವು, ಮತ್ತೆ 225 ಆದವು. ಬಿಜೆಪಿ ಸರ್ಕಾರ ಹೋಗಿ ಕಾಂಗ್ರೆಸ್ ಸರ್ಕಾರ ಬಂತು. ಚುನಾವಣೆ ಮಾತ್ರ ಬರಲಿಲ್ಲ. 2025ರಲ್ಲಿ ಬಿಬಿಎಂಪಿಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರಡಿ ಐದು ಪಾಲಿಕೆ ಆದವು. ಐದು ವರ್ಷ ಈ ಊರಿನವರು ಚರಂಡಿ ಕಟ್ಟಿಕೊಂಡರೆ ಹೇಳಿಕೊಳ್ಳಲು ಒಬ್ಬ ಕಾರ್ಪೊರೇಟರ್ ಇಲ್ಲದೆ ಬದುಕಿದರು. ಈ ಬಗ್ಗೆ ರಾತ್ರಿ ಒಂಬತ್ತರ ಚರ್ಚೆ ಎಷ್ಟು ನೋಡಿದ್ದೀರಿ?

ನಾನು ಎರಡು ಸಲ ಈ ಸುದ್ದಿಯನ್ನು ಬುಲೆಟಿನ್ನಿನ ಸುದ್ದಿಪಟ್ಟಿಗೆ, ಅಂದರೆ ರನ್‌ಡೌನ್‌ಗೆ ಸೇರಿಸಿದ್ದೆ. "ಇದರಲ್ಲಿ ಫೈಟ್ ಎಲ್ಲಿದೆ?" ಅಂತ ಕೇಳಿದರು. ಎರಡು ಸಲವೂ ಸುದ್ದಿ ಕೊನೆಗೆ ಇಳಿಯಿತು, ಸಮಯ ಸಾಲದೆ ಬಿದ್ದುಹೋಯಿತು. ಫೈಟ್ ಇಲ್ಲ, ನಿಜ. ಅಧಿಕಾರ ತಮ್ಮ ಕೈಯಲ್ಲೇ ಇರಲಿ ಅಂತ ಶಾಸಕರಿಗೆ ಅನಿಸಿದರೆ, ಅವರು ಯಾವ ಪಕ್ಷದವರಾದರೂ, ಎದುರು ಬೈಟ್ ಕೊಡುವವರು ಎಲ್ಲಿಂದ ಬರಬೇಕು? ಗುರುವಾರ ಬರುವ ಟಿಆರ್‌ಪಿಗೂ ಜಗಳವೇ ಬೇಕು. ಮತದಾರನ ಕಡೆಯಿಂದ ಕೇಳಬೇಕಾಗಿದ್ದವರು ನಾವು. ಕೇಳಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಚಿಕ್ಕಪ್ಪ, "ಹಾಗಾದ್ರೆ ಚಂದನ ನೋಡ್ಲೇನೋ? ಅಲ್ಲಿ ಕಿರುಚಾಟ ಇರಲ್ಲ" ಅಂದರು. ನೋಡಿ ಅಂದೆ. ಅಧಿವೇಶನದ ಕಲಾಪ ಅಲ್ಲಿ ಸಿಗುತ್ತದೆ, ಅದು ದೊಡ್ಡದು. ಆದರೆ ದನಿ ತಗ್ಗಿಸಿದ ಮಾತ್ರಕ್ಕೆ ನಿಷ್ಪಕ್ಷಪಾತ ಆಗುವುದಿಲ್ಲ. ದೂರದರ್ಶನ, ಆಕಾಶವಾಣಿಗಳಿಗೆ ಸ್ವಾಯತ್ತತೆ ಕೊಡುವ ಪ್ರಸಾರ ಭಾರತಿ ಕಾಯ್ದೆ 1990ರಲ್ಲಿ ಆಗಿ 1997ರಲ್ಲಿ ಜಾರಿಗೆ ಬಂತು. ಭಿನ್ನ ಅಭಿಪ್ರಾಯಗಳನ್ನೂ ನ್ಯಾಯವಾಗಿ ಕೊಡಬೇಕು ಅಂತ ಅದರಲ್ಲೇ ಇದೆ. ದುಡ್ಡು ಮಾತ್ರ ಬಹುಪಾಲು ಸರ್ಕಾರದಿಂದಲೇ ಬರಬೇಕು. ಅಲ್ಲಿಯ ಸುದ್ದಿಯಲ್ಲಿ ಸರ್ಕಾರಕ್ಕೆ ಕೇಳಿದ ಪ್ರಶ್ನೆ ಎಷ್ಟು ಅಂತ ಎಣಿಸಿಕೊಂಡು ನೋಡಿ ಅಂತ ಹೇಳಿದೆ.

ಹಾಗಾಗಿ ನಾನು ಚಾನೆಲ್ ಹೆಸರು ಹೇಳುವುದಿಲ್ಲ. ಎಲ್ಲ ಚಾನೆಲ್‌ನಲ್ಲೂ ಮಳೆಯಲ್ಲಿ ರಾಜಕಾಲುವೆ ಪಕ್ಕ ನಿಂತು, ಒತ್ತುವರಿ ಯಾರದ್ದು ಅಂತ ದಾಖಲೆ ಹಿಡಿದು ಹೇಳುವ ಒಬ್ಬಿಬ್ಬರು ವರದಿಗಾರರು ಇದ್ದಾರೆ. ಅವರ ಹೆಸರು ನೆನಪಿಟ್ಟುಕೊಳ್ಳಿ, ಅವರ ವರದಿ ಹುಡುಕಿ ನೋಡಿ. ಸ್ಟುಡಿಯೋ ಜಗಳದ ಹೊತ್ತಿಗೆ ಟಿವಿ ಆರಿಸಿ.

ತಪ್ಪು ಕಂಡರೆ ಬರೆಯಿರಿ. ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ. 2021ರ ಕೇಬಲ್ ಟಿವಿ ನಿಯಮದ ಪ್ರಕಾರ ದೂರು ಮೊದಲು ಚಾನೆಲ್‌ಗೇ ಹೋಗಬೇಕು. ಅವರು ಹದಿನೈದು ದಿನದೊಳಗೆ ತೀರ್ಮಾನ ತಿಳಿಸಬೇಕು. ಒಪ್ಪಿಗೆ ಆಗದಿದ್ದರೆ ಚಾನೆಲ್‌ಗಳ ಸ್ವಯಂ ನಿಯಂತ್ರಣ ಸಂಸ್ಥೆಗೆ ಹೋಗಬಹುದು, ಅದರ ಮೇಲೆ ಕೇಂದ್ರ ಸರ್ಕಾರದ ಹಂತವಿದೆ.

ಚಿಕ್ಕಪ್ಪ ಬರೆದರು. ಗೆರೆ ಹಾಳೆಯಲ್ಲಿ, ಕನ್ನಡದಲ್ಲಿ. ಸಭೆ ಎಷ್ಟು ಗಂಟೆಗೆ ಶುರುವಾಯಿತು, ತಾವು ಮೈದಾನದ ಯಾವ ಕಡೆ ನಿಂತಿದ್ದರು, ಟಿವಿಯಲ್ಲಿ ಎಷ್ಟು ಹೊತ್ತಿಗೆ ಬಂತು, ಎಲ್ಲ ಇದೆ. ಕೊನೆಯಲ್ಲಿ ಒಂದೇ ಪ್ರಶ್ನೆ: ‘ಆ ಕುರ್ಚಿಗಳ ಚಿತ್ರ ತೆಗೆದದ್ದು ಎಷ್ಟು ಗಂಟೆಗೆ, ದಯವಿಟ್ಟು ತಿಳಿಸಿ.’ ನಾನು ಟೈಪ್ ಮಾಡಿ ಇಮೇಲ್ ಕಳಿಸಿದೆ. ಮುಂದಿನ ಮಂಗಳವಾರಕ್ಕೆ ಹದಿನೈದು ದಿನ.